ಧರ್ಮಸಭೆಯ ಉಗ್ರಾಣವೂ ಹೆಸರಿನ ಪಟ್ಟಿಯೂ: ಆಹಾರ ಬ್ಯಾಂಕಿನ ಪೂರ್ವಚರಿತ್ರೆ

ಕಷ್ಟದಲ್ಲಿರುವ ಕುಟುಂಬಗಳಿಗೆ ದಿನಸಿ ಒದಗಿಸುವ ಆಹಾರ ಬ್ಯಾಂಕುಗಳು ಇಂದು ಲೋಕದ ಅನೇಕ ನಗರಗಳಲ್ಲಿ ದೇವಾಲಯದ ನೆಲಮಾಳಿಗೆಯಲ್ಲೋ ಧರ್ಮಕೇಂದ್ರದ ಸಭಾಂಗಣದಲ್ಲೋ ನಡೆಯುತ್ತಿವೆ. ಇವುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1967ರ ಅಮೆರಿಕದ ಫೀನಿಕ್ಸ್ ನಗರದಿಂದ ಆರಂಭಿಸುತ್ತಾರೆ. ಸಂಸ್ಥೆಯ ಹೆಸರನ್ನು ಮಾತ್ರ ನೋಡಿದರೆ ಅದು ಸರಿಯೇ. ಆದರೆ ಆಹಾರ ಬ್ಯಾಂಕಿನ ಬಾಗಿಲಲ್ಲಿ ದಿನವೂ ಏಳುವ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ಜೆರುಸಲೇಮಿನವರೆಗೂ ಹಿಂದಕ್ಕೆ ಹೋಗಬೇಕಾಗುತ್ತದೆ. ಧಾನ್ಯವನ್ನು ಕೂಡಿಸುವುದು ಧರ್ಮಸಭೆಗೆ ಯಾವ ಕಾಲದಲ್ಲೂ ಅತಿ ಕಷ್ಟದ ಕೆಲಸವಾಗಿರಲಿಲ್ಲ. ಯಾರ ಹೆಸರನ್ನು ಪಟ್ಟಿಯಲ್ಲಿ ಬರೆಯಬೇಕು, ಬರೆಯುವವರು ಯಾರು, ಬಿಟ್ಟುಹೋದ ಹೆಸರಿಗೆ ಉತ್ತರ ಕೊಡಬೇಕಾದವರು ಯಾರು ಎಂಬುದೇ ಕಷ್ಟದ ವಿಷಯವಾಗಿತ್ತು. ಈ ಲೇಖನದಲ್ಲಿ ನಾವು ಆ ಪಟ್ಟಿಯ ಚರಿತ್ರೆಯನ್ನು ಹಿಂಬಾಲಿಸುತ್ತೇವೆ.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ನಾವೆಲ್ಲರೂ ಸೇವಾದರ್ಶಿ ದೀಕ್ಷೆಯ ಸಂದರ್ಭದಲ್ಲಿ ಕೇಳಿದ್ದೇವೆ. ಆದರೆ ಅಲ್ಲಿನ ಜಗಳ ಯಾವುದರ ಕುರಿತು ಎಂಬುದು ದೀಕ್ಷೆಯ ಸಂಭ್ರಮದಲ್ಲಿ ಮರೆತುಹೋಗುತ್ತದೆ. ದಿನನಿತ್ಯದ ಆಹಾರ ವಿತರಣೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ಯೆಹೂದ್ಯ ವಿಶ್ವಾಸಿಗಳು ಗೊಣಗಿದರು. ಸುನ್ನತಿಯ ಕುರಿತಾದ ವಿವಾದ ಧರ್ಮಸಭೆಯನ್ನು ಅಲುಗಾಡಿಸುವ ಮೊದಲೇ ಊಟದ ಪಂಕ್ತಿಯ ವಿವಾದ ಅದನ್ನು ಅಲುಗಾಡಿಸಿತ್ತು. ಪ್ರೇಷಿತರು ಮಾಡದೆ ಬಿಟ್ಟ ಒಂದು ಕೆಲಸವನ್ನು ಇಲ್ಲಿ ಗಮನಿಸಬೇಕು. ದೂರು ನಿಜವೋ ಸುಳ್ಳೋ ಎಂದು ಅವರು ವಿಚಾರಣೆ ನಡೆಸಿದಂತೆ ಕಾಣುವುದಿಲ್ಲ; ದೂರುವವರಿಂದ ಸಾಕ್ಷ್ಯವನ್ನೂ ಕೇಳಲಿಲ್ಲ. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಹೆಸರುಗಳಿಂದ ಊಹಿಸುವುದಾದರೆ, ವಿತರಣೆಯ ಅಧಿಕಾರವನ್ನು ದೂರಿದವರ ಪಾಳೆಯಕ್ಕೇ ಒಪ್ಪಿಸಲಾಯಿತು. ಬಡಿಸುವ ಸೌಟು ಕೈಬದಲಾಯಿತು ಎಂದರೂ ಸರಿಯೇ.

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಒಂದು ತಪ್ಪು ಕಾಣಿಸುತ್ತದೆ: ಪ್ರೇಷಿತರು ಊಟ ಬಡಿಸುವುದನ್ನು ಕೀಳು ಕೆಲಸವೆಂದು ಭಾವಿಸಿ ಇತರರಿಗೆ ಬಿಟ್ಟುಕೊಟ್ಟರು ಎಂಬುದು. ಮೂಲ ಗ್ರೀಕಿನಲ್ಲಿ ದಿನನಿತ್ಯದ ವಿತರಣೆಗೂ ದೇವರ ವಾಕ್ಯದ ಸೇವೆಗೂ ಬಳಕೆಯಾಗಿರುವ ಪದ ಒಂದೇ, ದಿಯಾಕೋನಿಯಾ. ಊಟದ ಸೇವೆಗೆ ನೇಮಕವಾದ ಸ್ತೇಫನನೇ ಮುಂದಿನ ಪುಟದಲ್ಲಿ ವಾಕ್ಯಕ್ಕಾಗಿ ಕಲ್ಲೇಟು ತಿನ್ನುತ್ತಾನೆ.

ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಕಾಲಕ್ಕೆ ಪಟ್ಟಿಗೆ ಷರತ್ತುಗಳು ಸೇರಿಕೊಂಡಿದ್ದವು. ವಿಧವೆಗೆ ಅರವತ್ತು ವರ್ಷ ತುಂಬಿರಬೇಕು, ಸತ್ಕಾರ್ಯಗಳಿಗೆ ಹೆಸರಾಗಿರಬೇಕು, ಸಾಕುವ ಬಂಧುಗಳಿದ್ದರೆ ಹೊಣೆ ಅವರದು. ಇದರಲ್ಲಿ ಕಠೋರತೆಯನ್ನು ಮಾತ್ರ ಕಾಣುವುದು ನ್ಯಾಯವಲ್ಲ. ಉಗ್ರಾಣ ಚಿಕ್ಕದು, ಯಾರೂ ಇಲ್ಲದವಳಿಗೆ ಮೊದಲು ಸಲ್ಲಬೇಕು ಎಂಬ ಕಾಳಜಿ ಅಲ್ಲಿದೆ. ಆದರೂ ದೂರನ್ನು ಕೇಳಿ ಪಟ್ಟಿಯನ್ನು ಅಗಲಿಸುವ ದಾರಿಯೊಂದು, ಷರತ್ತಿನಿಂದ ಪಟ್ಟಿಯನ್ನು ಕಾಯುವ ದಾರಿಯೊಂದು, ಎರಡೂ ಹೊಸ ಒಡಂಬಡಿಕೆಯೊಳಗೇ ಹುಟ್ಟಿಕೊಂಡವು ಎಂಬುದನ್ನು ಒಪ್ಪಿಕೊಳ್ಳಬೇಕು.

ಎರಡನೆಯ ಶತಮಾನದ ನಡುವೆ ರೋಮಿನಲ್ಲಿ ಬರೆದ ಸಂತ ಜಸ್ಟಿನರು ಭಾನುವಾರದ ಆರಾಧನೆಯನ್ನು ವಿವರಿಸುವಾಗ ಕಾಣಿಕೆಯನ್ನು ಪೂಜೆಯಿಂದ ಬೇರ್ಪಡಿಸುವುದಿಲ್ಲ. ಉಳ್ಳವರು ಇಷ್ಟಪಟ್ಟಷ್ಟನ್ನು ಕೊಡುತ್ತಾರೆ. ಅದು ಸಭೆಯ ಅಧ್ಯಕ್ಷರ ಬಳಿ ಸೇರುತ್ತದೆ. ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ದಾರಿಹೋಕರು ಅದರಿಂದ ಬದುಕುತ್ತಾರೆ. 251ರ ಹೊತ್ತಿಗೆ ರೋಮಿನ ಧರ್ಮಾಧ್ಯಕ್ಷ ಕೊರ್ನೇಲಿಯರು ಅಂತಿಯೋಕ್ಯಕ್ಕೆ ಬರೆದ ಪತ್ರವನ್ನು ಎವುಸೇಬಿಯರು ಉಳಿಸಿಕೊಟ್ಟಿದ್ದಾರೆ. 46 ಗುರುಗಳು, 7 ಸೇವಾದರ್ಶಿಗಳು ಎಂದು ಎಣಿಸುತ್ತಾ ಬಂದ ಕೊರ್ನೇಲಿಯರು ಅದೇ ಉಸಿರಿನಲ್ಲಿ 1500ಕ್ಕೂ ಹೆಚ್ಚು ವಿಧವೆಯರನ್ನೂ ಸಂಕಟದಲ್ಲಿರುವವರನ್ನೂ ಎಣಿಸುತ್ತಾರೆ. ಸೇವಾದರ್ಶಿಗಳು ಏಳೇ ಮಂದಿ ಎಂಬುದು ಜೆರುಸಲೇಮಿನ ನೆನಪು. ಸಾಮ್ರಾಜ್ಯದ ಕಣ್ಣಿಗೆ ಇನ್ನೂ ಕಾನೂನುಬಾಹಿರವಾಗಿದ್ದ ಸಮುದಾಯವೊಂದು ಇಷ್ಟು ಜನರನ್ನು ಹೆಸರು ಹಿಡಿದು ಪೋಷಿಸುತ್ತಿತ್ತು.

ಆ ಉಗ್ರಾಣದ ಒಳಗು ಹೇಗಿತ್ತು ಎಂಬುದನ್ನು ನಮಗೆ ತೋರಿಸಿದವರು, ವಿಚಿತ್ರವೆಂದರೆ, ಹಿಂಸಕರು. 303ರ ಮೇ 19ರಂದು ಉತ್ತರ ಆಫ್ರಿಕದ ಸಿರ್ಟಾ ಪಟ್ಟಣದಲ್ಲಿ (ಇಂದಿನ ಅಲ್ಜೀರಿಯದ ಕಾನ್ಸ್ಟಂಟೀನ್) ಅಧಿಕಾರಿಗಳು ಕ್ರೈಸ್ತರ ಸಭಾಗೃಹವನ್ನು ಜಪ್ತಿ ಮಾಡಿ, ಸಿಕ್ಕಿದ ವಸ್ತುಗಳನ್ನೆಲ್ಲ ಬರೆದುಕೊಂಡರು. ಎರಡು ಚಿನ್ನದ ಪಾನಪಾತ್ರೆ, ಆರು ಬೆಳ್ಳಿಯ ಪಾನಪಾತ್ರೆಗಳ ನಂತರ ಬರುವ ಸಾಲುಗಳನ್ನು ತರಗತಿಯಲ್ಲಿ ಓದುವಾಗ ನಾವು ಒಮ್ಮೆ ನಿಲ್ಲುತ್ತೇವೆ: 82 ಹೆಂಗಸರ ಅಂಗಿಗಳು, 38 ಮುಸುಕುಗಳು, 16 ಗಂಡಸರ ಅಂಗಿಗಳು, 13 ಜೊತೆ ಗಂಡಸರ ಪಾದರಕ್ಷೆಗಳು, 47 ಜೊತೆ ಹೆಂಗಸರ ಪಾದರಕ್ಷೆಗಳು. ಊಟದ ಕೋಣೆಯಲ್ಲಿ ದೊಡ್ಡ ಗುಡಾಣಗಳೂ ಜಾಡಿಗಳೂ ಇದ್ದವು. ಇವು ಪೂಜಾವಸ್ತ್ರಗಳಲ್ಲ, ಬಡವರಿಗೆಂದು, ಅದರಲ್ಲೂ ಬಡ ಹೆಂಗಸರಿಗೆಂದು, ಕೂಡಿಸಿಟ್ಟ ಸಾಮಾನುಗಳೆಂದೇ ಇತಿಹಾಸಕಾರರು ತಿಳಿಯುತ್ತಾರೆ. ಪಾನಪಾತ್ರೆಯೂ ಬಡವಳ ಚಪ್ಪಲಿಯೂ ಒಂದೇ ಸೂರಿನ ಕೆಳಗೆ ಇದ್ದವು.

ಹಿಂಸೆ ಮುಗಿದು ರಾಜಾಶ್ರಯ ಬಂದ ಮೇಲೆ ಉಗ್ರಾಣ ದೊಡ್ಡದಾಯಿತು. ಹಳೆಯ ದೇವರುಗಳ ಪೂಜೆಯನ್ನು ಮತ್ತೆ ಎತ್ತಿಹಿಡಿಯಲು ಹೊರಟ ಚಕ್ರವರ್ತಿ ಜೂಲಿಯನ್ 362ರ ಸುಮಾರಿಗೆ ಗಲಾತ್ಯದ ಮುಖ್ಯ ಪೂಜಾರಿಗೆ ಬರೆದ ಪತ್ರದಲ್ಲಿ ಕ್ರೈಸ್ತರ ಮೇಲೆ ಹೊರಿಸಿದ ಆರೋಪವೇ ನಮಗೆ ದೊರೆತಿರುವ ದೊಡ್ಡ ಪ್ರಶಂಸಾಪತ್ರ: ಈ ಗಲಿಲಾಯದವರು ತಮ್ಮ ಬಡವರನ್ನಲ್ಲದೆ ನಮ್ಮವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು ಎಂಬುದು ಅದರ ಸಾರಾಂಶ. ಪೈಪೋಟಿಗಾಗಿ ಆತನು ವರ್ಷಕ್ಕೆ 30,000 ಮೋದಿಯಸ್ ಗೋಧಿಯನ್ನು ಮಂಜೂರು ಮಾಡಿದನು. ಆ ಕಾಲದ ಪಟ್ಟಿ ಜ್ಞಾನಸ್ನಾನದ ದಾಖಲೆಯನ್ನು ದಾಟಿ ಹೋಗಿತ್ತು ಎಂಬುದಕ್ಕೆ ಶತ್ರುವಿನ ಸಾಕ್ಷ್ಯಕ್ಕಿಂತ ಬಲವಾದುದು ಬೇಕಿಲ್ಲ. ಏಳು ವರ್ಷಗಳೊಳಗೆ ಕಪ್ಪದೋಕ್ಯದ ಕೈಸರೇಯದಲ್ಲಿ ಬರ ಬಂದಾಗ ಇನ್ನೂ ಧರ್ಮಾಧ್ಯಕ್ಷರಾಗದಿದ್ದ ಸಂತ ಬಾಸಿಲರು, ಕಣಜಗಳನ್ನು ಕೆಡವಿ ಇನ್ನೂ ದೊಡ್ಡದಾಗಿ ಕಟ್ಟುವೆನೆಂದ ಮೂರ್ಖ ಧನಿಕನ ಸಾಮತಿಯ ಮೇಲೆ ಪ್ರಬೋಧಿಸಿ ಧಾನ್ಯ ಬಚ್ಚಿಟ್ಟವರ ಕದಗಳನ್ನು ತೆರೆಸಿದರು. ಕಾಳಿನ ಸಾರಿನ ಹಂಡೆಗಳನ್ನಿಟ್ಟು ತಾವೇ ಬಡಿಸಿದರು ಎಂದು ಅವರ ಗೆಳೆಯ ನಜಿಯಾಂಜಸಿನ ಗ್ರೆಗೊರಿಯವರು ಚರಮಭಾಷಣದಲ್ಲಿ ಸ್ಮರಿಸಿದ್ದಾರೆ.

ಅಂತಿಯೋಕ್ಯದಲ್ಲಿ ಸಂತ ಯೊವಾನ್ನ ಕ್ರಿಸೊಸ್ತೋಮರ ಕಾಲಕ್ಕೆ ಧರ್ಮಸಭೆಯ ಪಟ್ಟಿಯಲ್ಲಿ 3000 ವಿಧವೆಯರೂ ಕನ್ಯೆಯರೂ ಇದ್ದರು. ಆದರೆ ಅವರ ಪ್ರಬೋಧನೆಗಳಲ್ಲಿ ಹೆಮ್ಮೆಗಿಂತ ಸಿಟ್ಟು ಹೆಚ್ಚು. ಲಾಜರನ ಕುರಿತ ಪ್ರಬೋಧನೆಯಲ್ಲಿ ಅವರು ಬೇಡುವವನ ನಡತೆಯನ್ನು ಜಾಲಾಡುವವರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ: ಬಡವನಿಗೆ ಇರಬೇಕಾದ ಅರ್ಹತೆ ಒಂದೇ, ಅವನ ಕೊರತೆ. ಮಾಮ್ರೆಯಲ್ಲಿ ಗುಡಾರದ ಮುಂದೆ ಕುಳಿತಿದ್ದ ಅಬ್ರಹಾಮನು ಬಂದವರ ಪೂರ್ವಾಪರ ವಿಚಾರಿಸಿದ್ದರೆ ದೇವದೂತರನ್ನು ಸತ್ಕರಿಸುವ ಭಾಗ್ಯ ಅವನಿಗೆ ದೊರೆಯುತ್ತಿರಲಿಲ್ಲ ಎಂಬುದು ಅವರ ವಾದದ ಧಾಟಿ.

ಮಹಾ ಗ್ರೆಗೊರಿಯವರ (590–604) ವಿಷಯಕ್ಕೆ ಬಂದಾಗ ನಾವು ತುಸು ನಿಧಾನಿಸಬೇಕು. ಪಟ್ಟಿ ಎಂಬ ಮಾತು ಅವರಲ್ಲಿ ಪಡೆದ ಅರ್ಥ ಬೇರೆಯೇ. ಒಂಬತ್ತನೆಯ ಶತಮಾನದಲ್ಲಿ ಅವರ ಚರಿತ್ರೆ ಬರೆದ ಸೇವಾದರ್ಶಿ ಯೊವಾನ್ನರು ಹೇಳುವಂತೆ, ಲ್ಯಾಟರನ್ ಅರಮನೆಯ ದಫ್ತರದಲ್ಲಿ ಒಂದು ದೊಡ್ಡ ಪುಸ್ತಕ ಇನ್ನೂ ಉಳಿದಿತ್ತು. ನೆರವು ಪಡೆಯುತ್ತಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು, ಕಸುಬು, ಕೊಟ್ಟ ಮೊತ್ತ ಅದರಲ್ಲಿ ದಾಖಲಾಗಿದ್ದವು. ರೋಮಿನವರಷ್ಟೇ ಅಲ್ಲದೆ ದೂರದ ಪಟ್ಟಣಗಳವರೂ ಅದರಲ್ಲಿದ್ದರು. ಪ್ರತಿ ತಿಂಗಳ ಮೊದಲ ದಿನ ಋತುವಿಗೆ ತಕ್ಕಂತೆ ಧಾನ್ಯ, ದ್ರಾಕ್ಷಾರಸ, ಗಿಣ್ಣು, ತರಕಾರಿ, ಹಂದಿಮಾಂಸ, ಮೀನು, ಎಣ್ಣೆ ಹಂಚಿಕೆಯಾಗುತ್ತಿತ್ತು. ಸಿಸಿಲಿಯ ಹೊಲಗಳಿಂದ ಧರ್ಮಸಭೆಗೆ ಬರುತ್ತಿದ್ದ ಗೋಧಿ ಇದಕ್ಕೆ ಆಧಾರ. ಎದ್ದು ಬರಲಾಗದ ರೋಗಿಗಳಿಗೆ ಬೇಯಿಸಿದ ಆಹಾರ ಬೀದಿ ಬೀದಿಗೆ ಹೋಗುತ್ತಿತ್ತು. ಕೈಯೊಡ್ಡಲು ನಾಚುವ, ಒಂದು ಕಾಲಕ್ಕೆ ಬಾಳಿ ಬದುಕಿದ ಮನೆತನದವರಿಗೆ ಜಗದ್ಗುರುಗಳು ತಾವು ಉಣ್ಣುವ ಮೊದಲು ತಮ್ಮ ಮೇಜಿನಿಂದಲೇ ಒಂದು ತಟ್ಟೆಯನ್ನು ಕಳುಹಿಸುತ್ತಿದ್ದರು. ಪಡೆದವರಿಗೆ ಅದು ಭಿಕ್ಷೆಯಂತೆ ತೋರದೆ ದೊಡ್ಡವರ ಮನೆಯ ಪ್ರಸಾದದಂತೆ ತೋರುತ್ತಿತ್ತು.

ಆ ಚರಿತ್ರೆಯಲ್ಲೇ ಇನ್ನೊಂದು ಪ್ರಸಂಗವಿದೆ. ಒಮ್ಮೆ ನಗರದ ಮೂಲೆಯೊಂದರಲ್ಲಿ ಬಡವನೊಬ್ಬನ ಶವ ಸಿಕ್ಕಿತು. ಅವನು ಹಸಿವಿನಿಂದ ಸತ್ತನೆಂದು ಬಗೆದ ಗ್ರೆಗೊರಿಯವರು, ಅವನನ್ನು ತಾವೇ ಕೈಯಾರೆ ಕೊಂದವರಂತೆ ಕೆಲವು ದಿನಗಳ ಕಾಲ ಬಲಿಪೂಜೆಯನ್ನು ಅರ್ಪಿಸಲಿಲ್ಲ. ಚರಿತ್ರಕಾರರು ಬರೆದದ್ದು ಸುಮಾರು 270 ವರ್ಷಗಳ ನಂತರವಾದುದರಿಂದ ಭಕ್ತಿಯ ಲೇಪ ಸೇರಿರಬಹುದು ಎಂದು ವಾದಿಸುವವರಿದ್ದಾರೆ. ಸೇರಿದ್ದರೂ ಸೇರಿರಲಿ. ಪಟ್ಟಿಯಲ್ಲಿ ಇಲ್ಲದವನ ಸಾವಿಗೆ ಪಟ್ಟಿ ಇಟ್ಟುಕೊಂಡವನೇ ಉತ್ತರದಾಯಿ ಎಂಬ ತಿಳಿವಳಿಕೆಯನ್ನು ಆ ಕಾಲದ ರೋಮ್ ಒಪ್ಪಿಕೊಂಡಿತ್ತು ಎಂಬುದಕ್ಕೆ ಕಥೆಯಿಂದಲೇ ಪ್ರಮಾಣ ಸಿಗುತ್ತದೆ. ಗ್ರೆಗೊರಿಯವರ ಪುಸ್ತಕ ಬಡವರನ್ನು ಪರೀಕ್ಷಿಸುವುದಕ್ಕಿಂತ ಹೆಚ್ಚಾಗಿ ಧರ್ಮಾಧ್ಯಕ್ಷರನ್ನು ಪರೀಕ್ಷಿಸುತ್ತಿತ್ತು.

ರೋಮಿನ ವಿತರಣಾ ಕೇಂದ್ರಗಳಿಗೆ ದಿಯಾಕೋನಿಯ ಎಂದೇ ಹೆಸರು ಬಂತು. ವೆಲಾಬ್ರೋದ ಸಂತ ಜಾರ್ಜರ ದೇವಾಲಯ, ಕೊಸ್ಮೆದಿನಿನ ಸಂತ ಮರಿಯ ದೇವಾಲಯ ಮೊದಲಾದವು ನದಿದಡದ ಹಳೆಯ ಸಂತೆಮಾಳದ ಬಳಿಯಲ್ಲಿದ್ದ ಅಂಥ ಉಗ್ರಾಣಗಳೇ. ಇಂದಿಗೂ ಕಾರ್ಡಿನಲ್-ಸೇವಾದರ್ಶಿಗಳಿಗೆ ಕೊಡುವ ಬಿರುದಿನ ದೇವಾಲಯಗಳಲ್ಲಿ ಇವು ಸೇರಿವೆ. ಕೆಂಪು ಟೊಪ್ಪಿಗೆಯ ಹಿಂದೆ ಗೋಧಿಯ ಚೀಲವಿದೆ ಎಂದು ನಾವು ವಿದ್ಯಾರ್ಥಿಗಳಿಗೆ ತಮಾಷೆಯಾಗಿ ಹೇಳುವುದುಂಟು.

ಮಧ್ಯಯುಗದ ಮಠಗಳ ಹೆಬ್ಬಾಗಿಲ ದಾನದ ಕಥೆ ಎಲ್ಲರಿಗೂ ತಿಳಿದುದು. ಹೆಚ್ಚು ತಿಳಿಯದಿರುವುದು 15ನೆಯ ಶತಮಾನದ ಕೊನೆಯಲ್ಲಿ ಇಟಲಿಯ ಫ್ರಾನ್ಸಿಸ್ಕನ್ ಪ್ರಬೋಧಕರ ಪ್ರೇರಣೆಯಿಂದ ಹುಟ್ಟಿದ ಧಾನ್ಯನಿಧಿಗಳು, ಮೋಂತಿ ಫ್ರುಮೆಂತಾರಿ. ಬಿತ್ತನೆಯ ಕಾಲದಲ್ಲಿ ಬಡ ರೈತ ಅಳತೆಯ ಪಾತ್ರೆಯ ಕಂಠಕ್ಕೆ ಸಮವಾಗಿ ಧಾನ್ಯ ಒಯ್ಯುತ್ತಿದ್ದ. ಸುಗ್ಗಿಯಲ್ಲಿ ಅದೇ ಪಾತ್ರೆಯನ್ನು ರಾಶಿಯಾಗಿ ತುಂಬಿ ಹಿಂದಿರುಗಿಸುತ್ತಿದ್ದ. ಆ ಮೇಲಿನ ರಾಶಿಯೇ ಬಡ್ಡಿ, ಅದೇ ಮುಂದಿನ ವರ್ಷದ ಬಂಡವಾಳ. ಮುಂದೆ ಜಗದ್ಗುರು ಹದಿಮೂರನೆಯ ಬೆನೆಡಿಕ್ಟರಾದ ಒರ್ಸೀನಿಯವರು ಬೆನೆವೆಂತೋದ ಮಹಾಧರ್ಮಾಧ್ಯಕ್ಷರಾಗಿದ್ದಾಗ ಇಂಥ ನಿಧಿಗಳನ್ನು ಹಳ್ಳಿಗಳಲ್ಲಿ ಬೆಳೆಸಿದರು. ಅಕ್ಷರಾರ್ಥದಲ್ಲಿ ಆಹಾರದ ಬ್ಯಾಂಕು ಎನ್ನಬಹುದಾದುದು ಇದೇ. ಪಡೆದವನು ಇಲ್ಲಿ ಖಾತೆದಾರ, ತಲೆ ತಗ್ಗಿಸಬೇಕಾದವನಲ್ಲ.

ಇದಕ್ಕೆ ತದ್ವಿರುದ್ಧವಾದ ಪಟ್ಟಿಯೊಂದನ್ನು ನಮ್ಮ ನಾಡೇ ಕಂಡಿದೆ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ (1876–78) ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯೂ ನೆರೆಯ ಮೈಸೂರು ಸಂಸ್ಥಾನವೂ ಬೆಂದುಹೋದವು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳ ಕೂಲಿಯನ್ನು ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದನು. ಅನರ್ಹರು ಬರಕೂಡದು ಎಂಬುದೇ ಆ ಲೆಕ್ಕದ ಜೀವಾಳ. ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು; ಕೆಲವು ತಿಂಗಳಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು. ಆ ಬರದ ಅನಾಥ ಮಕ್ಕಳನ್ನು ಕಥೋಲಿಕ ಮತ್ತು ವೆಸ್ಲಿಯನ್ ಮಿಷನರಿಗಳು ಸಾಕಿ ಬೆಳೆಸಿದ್ದು ನಮ್ಮ ಸ್ಥಳೀಯ ಧರ್ಮಸಭೆಯ ಚರಿತ್ರೆಯ ಭಾಗ. ಅನ್ನದೊಂದಿಗೆ ಜ್ಞಾನಸ್ನಾನವೂ ಬಂದ ಕಡೆಗಳಲ್ಲಿ ಅನ್ನಕ್ಕಾಗಿ ಬಂದವರು ಎಂಬ ಮೂದಲಿಕೆ ಮೊಮ್ಮಕ್ಕಳವರೆಗೂ ಉಳಿಯಿತು. ಮಿಷನರಿಗಳ ಕರುಣೆಯನ್ನು ನಾವು ಸಂದೇಹಿಸುವುದಿಲ್ಲ. ಆದರೆ ಪಟ್ಟಿ ಎರಡಿದ್ದು ಪುಸ್ತಕ ಒಂದೇ ಆದಾಗ ಏನಾಗುತ್ತದೆ ಎಂಬುದಕ್ಕೆ ಆ ಮೂದಲಿಕೆಯೇ ಸಾಕ್ಷಿ.

ಈಗ ಫೀನಿಕ್ಸ್. ಜಾನ್ ವಾನ್ ಹೆಂಗೆಲ್ ಎಂಬ ಶ್ರೀಸಾಮಾನ್ಯ ಕಥೋಲಿಕರು ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಊಟದ ಮನೆಯಲ್ಲಿ ಸ್ವಯಂಸೇವಕರಾಗಿದ್ದರು. ಅಂಗಡಿಗಳು ಎಸೆಯುವ ಒಳ್ಳೆಯ ಆಹಾರವನ್ನು ಹೆಕ್ಕಿ ತನ್ನ ಹತ್ತು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಹಣ ಇಡುವ ಬ್ಯಾಂಕಿನಂತೆ ಆಹಾರ ಇಡುವ, ಬೇಕಾದವರು ತೆಗೆದುಕೊಳ್ಳುವ ಜಾಗವೊಂದು ಇರಬೇಕು ಎಂದು ಅವರಿಗೆ ಹೇಳಿದಳಂತೆ. ಪ್ರಚಲಿತ ವೃತ್ತಾಂತದಲ್ಲಿ ಆಕೆಗೆ ಹೆಸರಿಲ್ಲ. ಸಂತ ಮರಿಯ ಧರ್ಮಕೇಂದ್ರ ಪಾಳುಬಿದ್ದ ಒಂದು ಕಟ್ಟಡವನ್ನೂ 3000 ಡಾಲರುಗಳನ್ನೂ ಕೊಟ್ಟಿತು. ಮೊದಲ ವರ್ಷವೇ ಎರಡೂವರೆ ಲಕ್ಷ ಪೌಂಡು ಆಹಾರ 36 ಸೇವಾಸಂಸ್ಥೆಗಳಿಗೆ ತಲುಪಿತು. ಫೀನಿಕ್ಸಿನ ಬ್ಯಾಂಕು ಸಗಟು ಉಗ್ರಾಣವೆಂಬುದನ್ನು ಗಮನಿಸಬೇಕು: ಅದು ಸಂಸ್ಥೆಗಳಿಗೆ ಕೊಡುತ್ತದೆ, ಸಂಸ್ಥೆಗಳು ಮನೆಗಳಿಗೆ ಕೊಡುತ್ತವೆ. ಪಟ್ಟಿ ಬರೆಯುವ ಹೊಣೆ ಒಂದು ಮೆಟ್ಟಿಲು ಕೆಳಗೆ ಜಾರಿತು. 1984ರಲ್ಲಿ ಫ್ರಾನ್ಸಿಗೆ, ಮುಂದೆ ಯೂರೋಪಿನ ಇತರ ದೇಶಗಳಿಗೆ ಈ ಮಾದರಿ ಹರಡಿತು.

ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 2000ದಲ್ಲಿ ಟ್ರಸೆಲ್ ಟ್ರಸ್ಟ್ ಆರಂಭಿಸಿದ ಮಾದರಿ ಬೇರೆ. ಅದರ ಕೇಂದ್ರಗಳು ಹೆಚ್ಚಾಗಿ ಚರ್ಚುಗಳಲ್ಲಿವೆ. ಕುಟುಂಬವೊಂದು ನೇರವಾಗಿ ಬಂದು ಕೇಳುವ ಬದಲು ವೈದ್ಯರೋ ಸಮಾಜ ಕಾರ್ಯಕರ್ತರೋ ಕೊಟ್ಟ ಚೀಟಿಯನ್ನು ತರುತ್ತದೆ. ಕನಿಷ್ಠ ಮೂರು ದಿನಗಳ ಆಹಾರದ ಪೊಟ್ಟಣ ಪಡೆಯುತ್ತದೆ. ಸ್ವಯಂಸೇವಕರು ಯಾರನ್ನೂ ತೂಗಿ ನೋಡಬೇಕಾಗಿಲ್ಲ ಎಂಬುದು ಚೀಟಿಯ ಪರವಾದ ವಾದ. ಚೀಟಿ ಕೊಡುವವರನ್ನು ಬಲ್ಲದ ಕುಟುಂಬ ಬಾಗಿಲಿಗೇ ಬರುವುದಿಲ್ಲ ಎಂಬುದು ವಿರುದ್ಧ ವಾದ. ಎರಡರಲ್ಲೂ ಹುರುಳಿದೆ. 2010–11ರಲ್ಲಿ ಸುಮಾರು 61,000ದಷ್ಟಿದ್ದ ಪೊಟ್ಟಣಗಳು 2023–24ರಲ್ಲಿ 31 ಲಕ್ಷ ದಾಟಿದವು. ಇದನ್ನು ಯಶಸ್ಸೆಂದು ಬರೆಯಲು ಆ ಸಂಸ್ಥೆಯೇ ಒಪ್ಪುವುದಿಲ್ಲ. ಆಹಾರ ಬ್ಯಾಂಕಿನ ಅಗತ್ಯವೇ ಇಲ್ಲವಾಗಬೇಕೆಂಬುದು ಅದರ ಘೋಷಿತ ಗುರಿ. ತಮ್ಮ ಕೆಲಸ ಮುಚ್ಚಿಹೋಗಲಿ ಎಂದು ಬೇಡಿಕೊಳ್ಳುವ ಸಂಸ್ಥೆಗಳು ಚರಿತ್ರೆಯಲ್ಲಿ ವಿರಳ.

ಇಷ್ಟನ್ನು ಬೋಧಿಸುತ್ತಾ ಬಂದ ನಾವೇ 2020ರಲ್ಲಿ ಹೇಗೆ ನಡೆದುಕೊಂಡೆವು ಎಂಬುದನ್ನು ಹೇಳದಿದ್ದರೆ ಲೇಖನ ಅಪ್ರಾಮಾಣಿಕವಾದೀತು. ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ಬೆಂಗಳೂರಿನ ಹೊರವಲಯದ ಧರ್ಮಕೇಂದ್ರವೊಂದರ ಹೊಣೆ ನಮ್ಮ ಮೇಲಿತ್ತು. ದಾನಿಗಳ ನೆರವಿನಿಂದ 120 ದಿನಸಿ ಕಿಟ್‌ಗಳು ಸಿದ್ಧವಾದವು: ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ. ಪಟ್ಟಿಯನ್ನು ನಾವು ಧರ್ಮಕೇಂದ್ರದ ಕುಟುಂಬ ದಾಖಲೆ ಪುಸ್ತಕದಿಂದಲೇ ತೆಗೆದೆವು. ಅದು ಕೈಗೆ ಸಿಗುವಂತಿತ್ತು, ಅಷ್ಟೇ ಕಾರಣ. ಕಾಂಪೌಂಡಿನ ಹಿಂದೆ ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯವರ ಶೆಡ್ಡುಗಳಿದ್ದವು. ಮೇಸ್ತ್ರಿ ಫೋನು ಎತ್ತುವುದನ್ನು ಬಿಟ್ಟಿದ್ದ. ರೇಷನ್ ಕಾರ್ಡುಗಳು ಊರಿನಲ್ಲಿ ಹಿರಿಯರ ಬಳಿ ಉಳಿದಿದ್ದವು. ಅಲ್ಲಿಂದ ಹೆಣ್ಣುಮಗಳೊಬ್ಬಳು ಬಂದು ಸಾಲಿನ ಕೊನೆಯಲ್ಲಿ ನಿಂತಳು. ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಲ್ಲಮ್ಮ ಎಂದೆವು.

"ಸ್ವಾಮೇರ, ಈ ಪಟ್ಟಿ ಯಾರು ಬರದಾರ್ರೀ?"

"ನಾವೇ ಬರೆದದ್ದಮ್ಮ."

"ಹಂಗಂದ್ರ ನೀವ ನಮ್ಮ ಹೆಸರು ಹಾಕಬಹುದಲ್ರೀ."

ಆಕೆಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕಿಟ್‌ಗಳು ಎಣಿಸಿಟ್ಟಷ್ಟೇ ಇವೆ, ನಾಳೆ ಆಧಾರ್ ಕಾರ್ಡಿನ ನಕಲು ತನ್ನಿ, ನೋಡೋಣ ಎಂದು ಕಳುಹಿಸಿದೆವು. ಆ ದಿನ ಮೂರು ಕಿಟ್‌ಗಳು ಒಯ್ಯುವವರಿಲ್ಲದೆ ಉಳಿದವು. ಆಕೆ ಮರುದಿನ ಬರಲಿಲ್ಲ. ಅದರ ಮರುದಿನ ನಾವೇ ಶೆಡ್ಡಿಗೆ ಹೋದಾಗ ಬಾಗಿಲಿಗೆ ತಗಡು ಅಡ್ಡವಿಟ್ಟಿತ್ತು. ನಾಲ್ಕೈದು ಮನೆಯವರು ರಾತ್ರಿಯೇ ನಡೆದು ಹೊರಟರೆಂದು ಪಕ್ಕದ ಶೆಡ್ಡಿನವರು ಹೇಳಿದರು. ಆ ವಾರವೂ ನಾವು ಎಂದಿನಂತೆ ಬಲಿಪೂಜೆ ಅರ್ಪಿಸಿದೆವು. ಗ್ರೆಗೊರಿಯವರ ಪ್ರಸಂಗ ನಮಗೆ ನೆನಪಾದದ್ದು ತಿಂಗಳುಗಳ ನಂತರ, ತರಗತಿಗೆ ಟಿಪ್ಪಣಿ ಸಿದ್ಧಪಡಿಸುವಾಗ.

ಈಗ ಆ ಧರ್ಮಕೇಂದ್ರದಲ್ಲಿ ಪಾಲನಾ ಸಮಿತಿ ತಿಂಗಳಿಗೆರಡು ಬಾರಿ ಉಗ್ರಾಣ ತೆರೆಯುತ್ತದೆ. ಹೆಸರು ಬರೆದುಕೊಳ್ಳುವವರು ಇಬ್ಬರು ಹೆಂಗಸರು. ಒಬ್ಬರು ಹಿಂದೆ ಅದೇ ಸಾಲಿನಲ್ಲಿ ನಿಂತು ಪಡೆದವರು, ಇನ್ನೊಬ್ಬರು ಹಿಂಬದಿಯ ಶೆಡ್ಡುಗಳಿಂದ ಬಂದು ಇಲ್ಲೇ ನೆಲೆಸಿದವರು, ಕ್ರೈಸ್ತರಲ್ಲ. ಕುಟುಂಬ ದಾಖಲೆ ಪುಸ್ತಕವನ್ನು ಉಗ್ರಾಣದ ಕೋಣೆಗೆ ತರುವಂತಿಲ್ಲ. ಮೊದಲ ಸಲ ಬಂದವರಿಗೆ ಯಾವ ಕಾಗದವನ್ನೂ ಕೇಳದೆ ಕೊಡಲಾಗುತ್ತದೆ, ವಿಚಾರಣೆ ಏನಿದ್ದರೂ ಆಮೇಲೆ. ತೊಂದರೆಗಳಿಲ್ಲವೆಂದಲ್ಲ. ಎರಡು ಕಡೆ ಪಡೆಯುವವರಿದ್ದಾರೆ. ದಾನಿಗಳಲ್ಲಿ ಕೆಲವರು ನಮ್ಮವರಿಗೆ ಮೊದಲು ಎನ್ನುತ್ತಾರೆ. ಮೂರನೆಯ ವಾರದ ಹೊತ್ತಿಗೆ ಅಕ್ಕಿ ಮುಗಿಯುವ ತಿಂಗಳುಗಳಿವೆ. ಅಂಥ ದಿನ ಬರಿಗೈಯಲ್ಲಿ ಹೋದವರ ಹೆಸರನ್ನು ಪುಸ್ತಕದ ಹಿಂದಿನ ಪುಟಗಳಲ್ಲಿ ಬೇರೆಯಾಗಿ ಬರೆದುಕೊಂಡು, ಮುಂದಿನ ಸಲ ಅಲ್ಲಿಂದಲೇ ಕರೆಯಲು ಆರಂಭಿಸುತ್ತಾರೆ. ಕರೆದಾಗ ಎಲ್ಲರೂ ಅಲ್ಲಿರುವುದಿಲ್ಲ.